ಏಳನೆಯ ಪೊಟ್ಟಣ

ಏಳು ಗಂಟೆ ಹತ್ತು ನಿಮಿಷಕ್ಕೆ ನಂದಿನಿ ಬಳ್ಳಾರಿ ಬಿಟ್ಟಳು. ಎಂಟಕ್ಕೆ ಕುರುಗೋಡಿನ ಗುಡ್ಡದ ಬುಡದಲ್ಲಿದ್ದ ತಗಡಿನ ಶೆಡ್ಡು ತಲುಪಿದಳು. ಎಂಟೂ ಐದಕ್ಕೆ ಅವಳ ಅಯಸ್ಕಾಂತ ಕೆಂಪು ಕಾರಿನ ಬಾಗಿಲಿಗೆ ಅಂಟದೆ ಜಾರಿ ನೆಲಕ್ಕೆ ಬಿತ್ತು. ಉಕ್ಕು ಇರಬೇಕಾದಲ್ಲಿ ಬೆರಳು ದಪ್ಪ ಮೆತ್ತಿದ ಪುಟ್ಟಿ. ಐದೇ ನಿಮಿಷದಲ್ಲಿ ಅವಳಿಗೆ ಹೇಸಿಗೆಯಾಗಿತ್ತು.

"ಅರವತ್ತೊಂದನೇ ಇಸವಿ ಸ್ಪೋರ್ಟ್ಸ್ ಕಾರು ಮೇಡಂ. ಹಡಗಿನಾಗ ಮದ್ರಾಸಿಗೆ ಬಂದದ್ದು," ಎಂದ ಕಾರನ್ನು ಮಾರಾಟಕ್ಕಿಟ್ಟಿದ್ದ ಕರಿಬಸವ. ಗುಟ್ಕಾದ ಕೆಂಪು ಅವನ ತುಟಿಯಂಚಿನಲ್ಲಿ ಒಣಗಿತ್ತು. "ನಮ್ಮಜ್ಜ ತಂದ. ಅವತ್ತಿಂದ ಈ ಶೆಡ್ ಬಿಟ್ಟು ಹೊರಗ ಇಟ್ಟಿಲ್ರಿ. ವರ್ಷಾ ಆಯುಧ ಪೂಜಿ ಮಾಡಿ, ಒಂದ್ ಸುತ್ತು ಹೊಡದು, ಮತ್ತ ಒಳಗ."

"ಎಷ್ಟು ವರ್ಷದಿಂದ?"

ಕರಿಬಸವ ಪಕ್ಕದಲ್ಲಿ ನಿಂತಿದ್ದ ತಿಪ್ಪೇರುದ್ರಪ್ಪನವರ ಮುಖ ನೋಡಿದ. "ಅರವತ್ತು ಅನ್ರಿ."

ತಿಪ್ಪೇರುದ್ರಪ್ಪ ಸಿರುಗುಪ್ಪದ ರೈಸ್ ಮಿಲ್ಲಿನ ಮಾಲೀಕರು. ಕಾರು ಕೊಳ್ಳುವ ಮುನ್ನ ಪರೀಕ್ಷಿಸಲು ನಂದಿನಿಯನ್ನು ಕರೆತಂದವರು ಅವರೇ. ಬಿಳಿ ಅಂಗಿ, ಮೆಲುಮಾತು. "ನೀವು ಅಸಲಿ ಅಂದ್ರ ಮುಂದ ಯಾರೂ ಕೇಳಂಗಿಲ್ಲಂತ. ಅದಕ್ಕ ನಿಮ್ಮನ್ನ ಹುಡಿಕ್ಯಾಂಡು ಬಂದೆ," ಎಂದಿದ್ದರು.

ಮಾತು ನಿಜವೇ ಆಗಿತ್ತು. ನಂದಿನಿಯ ತಂದೆ ಓಬಣ್ಣ ಹಿಂದೊಮ್ಮೆ ಲಾರಿ ಕೊಂಡಿದ್ದರು. ಎಂಟನೆಯ ತಿಂಗಳಿಗೆ ಪೊಲೀಸರು ಬಂದು ಚಾಸಿ ನಂಬರು ತಿದ್ದಲಾಗಿದೆಯೆಂದು ಲಾರಿಯನ್ನು ಎಳೆದೊಯ್ದರು. ಠಾಣೆಯ ಅಂಗಳದಲ್ಲಿ ಅದು ತುಕ್ಕು ಹಿಡಿದು ಕುಸಿಯುವುದನ್ನು ಮಗಳು ಕಾಲೇಜಿಗೆ ಹೋಗುತ್ತ ಬರುತ್ತ ನೋಡಿದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು ಈ ಕೆಲಸ ಹಿಡಿದದ್ದು ಒಂದೇ ಹಟಕ್ಕೆ: ತನ್ನ ಕೈಯಿಂದ ನಕಲಿ ಮಾಲು ಒಂದೂ ದಾಟಬಾರದು.

"ಬಾನೆಟ್ ತೆಗೀರಿ," ಎಂದಳು.

ಕರಿಬಸವ ಕಾರಿನ ಸುತ್ತ ಎರಡು ಬಾರಿ ತಡಕಾಡಿದ. ತಿಪ್ಪೇರುದ್ರಪ್ಪ ಕಿಟಕಿಯೊಳಗೆ ಕೈ ಹಾಕಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿದ್ದ ಕೊಂಡಿಯನ್ನು ನೋಡದೆಯೇ ಎಳೆದರು. ಬಾನೆಟ್ ಟಕ್ಕೆಂದು ಎದ್ದಿತು. ಸ್ವಂತ ಕಾರಿನ ಕೊಂಡಿಯನ್ನೂ ಅರಿಯದ ಮಾರುವವನನ್ನು ನಂದಿನಿ ಅಸಹ್ಯದಿಂದ ನೋಡಿದಳು.

ಒಳಗಿನದು ಇನ್ನೂ ಹೊಲಸು. ಇಂಚಿನ ಪಾನಾ ಕೂರಬೇಕಾದ ನಟ್ಟುಗಳಿಗೆ ಮಿಲಿಮೀಟರಿನ ಪಾನಾ ಕೂತಿತು. ಚಾಸಿ ನಂಬರಿನ ಅಂಕಿಗಳು ಒಂದೊಂದೂ ಒಂದೊಂದು ಆಳದಲ್ಲಿದ್ದವು. ಹಳೆಯ ಚರ್ಮದ ವಾಸನೆ ಬರಲೆಂದು ಸೀಟಿಗೆ ಯಾವುದೋ ಎಣ್ಣೆ ಬಳಿದಿದ್ದರು. ಅದು ಅವಳ ಕೈಗವಸಿಗೂ ಅಂಟಿ ನಾತ ಹೊಡೆಯಿತು. ಸೀಟಿನಡಿ ಬೂದು ಬಣ್ಣದ ಬೂದಿ ಸಿಕ್ಕಿತು. ಮಸೂರದಡಿ ಅದರ ಚೂರುಗಳು ಪುಟ್ಟ ದೋಣಿಯಂತೆ ಬಾಗಿದ್ದವು, ಮೈತುಂಬ ಸಾಲುಗೆರೆ. ಶೆಡ್ಡಿನಲ್ಲಿ ಒಲೆಯಿಲ್ಲ, ಸುಟ್ಟ ಗುರುತಿಲ್ಲ. ಅವಳು ಅದನ್ನು ಪೊಟ್ಟಣಕ್ಕೆ ಹಾಕಿ 'ಏಳು' ಎಂದು ಬರೆದಳು.

ಮರುದಿನ ಹನ್ನೊಂದಕ್ಕೆ ಸಿರುಗುಪ್ಪ. ಮಿಲ್ಲಿನ ಎ.ಸಿ. ಕೋಣೆ. ಆಳು ಬಂದು ಮೇಜು ಒರೆಸಿದ. ಹತ್ತು ನಿಮಿಷಕ್ಕೆ ಮತ್ತೆ ಬಂದು ಒರೆಸಿದ. ನಂದಿನಿ ವರದಿಯನ್ನು ಮುಂದಿಟ್ಟಳು. ಏಳು ದೋಷ.

"ಕಾರು ಪೂರ್ತಿ ನಕಲಿ ರೀ. ಮಾಡಿದವ್ರ ಮುಖದ ಮ್ಯಾಲೆ ಉಗೀಬೇಕು."

"ಉಗುಳೋಣಂತ ಬಿಡ್ರಿ." ತಿಪ್ಪೇರುದ್ರಪ್ಪ ಪೆನ್ನು ತೆಗೆದರು. "ಒಂದೊಂದ ಹೇಳ್ರಿ. ನಂಬರು ಹೆಂಗಿರಬೇಕಿತ್ತು?"

ಇಷ್ಟು ಶ್ರದ್ಧೆಯಿಂದ ಕೇಳುವ ಗಿರಾಕಿ ಅವಳಿಗೆ ಸಿಕ್ಕಿರಲಿಲ್ಲ. ಅಂಕಿಯ ಆಳ, ನಟ್ಟಿನ ಅಳತೆ, ಬಣ್ಣದ ಪದರ, ಸೀಟಿನ ಹೊಲಿಗೆ, ಗಾಜಿನ ಗುರುತು: ಒಂದೊಂದನ್ನೂ ಬಿಡಿಸಿ ಹೇಳಿದಳು. ಅವರು ಬರೆದುಕೊಂಡರು.

"ಆರನೇದು, ಕುಂಕುಮ. ಅರವತ್ತು ಮಹಾನವಮಿ ಕಂಡ ಇಂಜಿನ್ ಅಂತಾರ. ಒಂದು ಬೊಟ್ಟಿನ ಕಲೆ ಇಲ್ಲ, ವಿಭೂತಿ ಇಲ್ಲ. ನಮ್ಮ ಕಡೆ ಅದು ಸಾಧ್ಯ ಐತೇನ್ರಿ?"

ತಿಪ್ಪೇರುದ್ರಪ್ಪ ಹಣೆ ಬಡಿದುಕೊಂಡು ನಕ್ಕರು. "ಇಷ್ಟೆಲ್ಲ ಮಾಡಿದವ್ರು ಕುಂಕುಮ ಮರ್ತಾರ ನೋಡ್ರಿ!"

"ಏಳನೇದು ಬೂದಿ. ಆ ಶೆಡ್ಡಿನಾಗ ಒಲಿ ಇಲ್ಲ, ಅಂದ್ರ ಕಾರು ಅಲ್ಲಿ ಇರಲೇ ಇಲ್ಲ. ಬೂದಿ ಎಲ್ಲೀದು ಅನ್ನೋದು ಇನ್ನೂ ಗೊತ್ತಾಗಿಲ್ಲ."

ನಗು ನಿಂತಿತು. "ಆ ಪೊಟ್ಟಣ ನನ್ನತ್ರ ಕೊಟ್ಟು ಹೋಗ್ರಲ್ಲ."

"ಮಾದರಿ ನನ್ನ ಹತ್ರನ ಇರಬೇಕ್ರಿ. ಅದು ನನ್ನ ನಿಯಮ."

"ಆತು, ಆತು." ಅವರು ಎದ್ದು ಕೈ ಮುಗಿದರು. "ಎರಡು ತಿಂಗಳು ಬಿಟ್ಟು ಇನ್ನೊಂದು ಕಾರು ತೋರಸ್ತೀನಿ. ಅದರಾಗ ನಿಮಗ ಒಂದ ತಪ್ಪು ಸಿಗಬಾರ್ದು, ಹಂಗಿರ್ತೈತಿ."

ಬಾಗಿಲ ತನಕ ಬಂದು ಹತ್ತು ಕಿಲೋ ಸೋನಾ ಮಸೂರಿ ಅಕ್ಕಿಯ ಮೂಟೆಯನ್ನು ತಾವೇ ಎತ್ತಿಕೊಟ್ಟರು. ಒಳ್ಳೆಯವರೂ ಇದ್ದಾರೆ ಎಂದುಕೊಳ್ಳುತ್ತ ನಂದಿನಿ ಮಿಲ್ಲಿನ ಅಂಗಳ ದಾಟಿದಳು. ಮೇಲೆ ಚಿಮಣಿ ಹೊಗೆಯಾಡುತ್ತಿತ್ತು.

ಹನ್ನೆರಡೂವರೆಯ ಬಳ್ಳಾರಿ ಬಸ್ಸು. ಕಿಟಕಿ ಪಕ್ಕದ ಸೀಟು. ಬಿಳಿ ದುಪಟ್ಟಾದ ಮೇಲೆ ಏನೋ ಬೂದು ಚೂರುಗಳು ಬಿದ್ದಿದ್ದವು. ಕೊಡವಲು ಎತ್ತಿದ ಕೈ ಅಲ್ಲೇ ನಿಂತಿತು. ಅವಳು ಹೆಗಲ ಚೀಲದಿಂದ ಮಸೂರ ತೆಗೆದಳು. ಪುಟ್ಟ ದೋಣಿ. ಸಾಲುಗೆರೆ. ಮಿಲ್ಲಿನ ಬಾಯ್ಲರಿನಲ್ಲಿ ಸುಟ್ಟು ಚಿಮಣಿಯಿಂದ ಉದುರಿದ ಭತ್ತದ ಹೊಟ್ಟು. ಏಳನೆಯ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಸೀಟಿನ ಎಣ್ಣೆಯ ನಾತ ತನ್ನ ಕೈಯಿಂದಲೇ ಬರುತ್ತಿದೆ ಎನಿಸಿತು.

ವರದಿಯ ಪ್ರತಿ ತೆರೆದು, ಕೊನೆಯ ಸಾಲಿನ 'ಮೂಲ ತಿಳಿದಿಲ್ಲ' ಎಂಬುದನ್ನು ಹೊಡೆದುಹಾಕಿ, ಬಸ್ಸಿನ ಕುಲುಕಾಟದಲ್ಲೂ ಅಕ್ಷರ ಕೆಡದಂತೆ ಬರೆದಳು:

ಬೂದಿಯ ಮೂಲ: ತಿಪ್ಪೇರುದ್ರಪ್ಪನವರ ಮಿಲ್ಲು. ನಕಲಿ ಕಾರನ್ನು ಮಾಡಿದವರು ಅವರೇ. ಮುಂದಿನ ನಕಲಿಯಲ್ಲಿ ತಿದ್ದಿಕೊಳ್ಳಲು ತಪ್ಪುಗಳ ಪಟ್ಟಿ ಬರೆದುಕೊಟ್ಟವಳು ನಾನು.