ಬಿದ್ದ ಮನೆಗಳ ಸಾಲು

ಪರದೆಯ ಮೇಲೆ ಮಿನುಗುವ ಗುರುತು ಕೆಳಗೆ ಇಳಿಯಲಿಲ್ಲ. ಆಸಿಫಾ ಮತ್ತೊಮ್ಮೆ ‘ಜೆ’ ಒತ್ತಿದಳು. ಗುರುತು ಮೊದಲ ಸಾಲಿನಲ್ಲೇ ಉಳಿಯಿತು. ಕೆಳಗಿನ ಸಾಲಿನ ಹೆಸರೇ ಮೇಲೆ ಹತ್ತಿ ಬಂದು ಮೊದಲ ಹೆಸರಿನ ಪಕ್ಕಕ್ಕೆ ಅಂಟಿಕೊಂಡಿತು. ಗುಂಡಿ ಗಟ್ಟಿಯಾಗಿರಬೇಕೆಂದು ಬೇಗ ಬೇಗ ನಾಲ್ಕೈದು ಸಲ ಒತ್ತಿದಳು. ಅಷ್ಟೂ ಹೆಸರುಗಳು ಒಂದರ ಹಿಂದೊಂದು ಬಂದು ಒಂದೇ ಸಾಲಾಗಿಬಿಟ್ಟವು.

“ಏನಾತು ತಂಗಿ?” ಎಂದ, ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಹೊಳಿಯಪ್ಪ. ಮಳೆಗೆ ಬಿದ್ದ ಮನೆಗಳ ಪಟ್ಟಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ನೋಡಿಸಿಕೊಳ್ಳಲು ಯಾವಗಲ್‌ನಿಂದ ರೋಣಕ್ಕೆ ಬಂದಿದ್ದ. ಅವನಿಗಾಗಿಯೇ ಆಕೆ ಪಟ್ಟಿಯ ಮೊದಲಿಗೆ ಹೋಗಿದ್ದಳು.

“ಏನಿಲ್ರಿ ಕಾಕಾ.”

ಕಂಪ್ಯೂಟರ್ ಸೆಂಟರಿಗೆ ಆಕೆ ಸೇರಿ ನಾಲ್ಕು ದಿನವಾಗಿತ್ತು. ಮೌಸ್ ಇಲ್ಲದ ಹಳೆಯ ಯಂತ್ರ, ಕಪ್ಪು ಪರದೆ, ಪ್ರತಿ ಕೆಲಸಕ್ಕೂ ಒಂದು ಕೀಲಿ. ಸೆಂಟರಿನ ಇನಾಯತ ಹೇಳಿಕೊಟ್ಟದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು. ಬರೆಯಲು ‘ಐ’, ಬರೆಯುವುದು ನಿಲ್ಲಿಸಲು ಎಸ್ಕೇಪ್, ಕೆಳಗಿಳಿಯಲು ‘ಜೆ’, ಮಾಡಿದ್ದನ್ನು ವಾಪಸು ತರಲು ‘ಯು’. ‘ಯು’ ಬಗ್ಗೆ ಮಾತ್ರ ಅವನು ಎರಡೆರಡು ಸಲ ಹೇಳಿದ್ದ: “ಒಂದ್ ಸಲ ಒತ್ತಿದ್ರ ಒಂದ್ ಕೆಲಸ ವಾಪಸ್ ಆಕ್ಕೈತಿ. ನೀ ಮುಂಜಾನಿಂದ ನಿಲ್ಲಸದ ಬರದಿದ್ರ, ಅದರ ಲೆಕ್ಕಕ್ಕ ಅದೆಲ್ಲಾ ಒಂದ ಕೆಲಸ. ಒಂದ್ ಸಲ ಹೆಚ್ಚಿಗಿ ಒತ್ತಿದಿ, ಅಷ್ಟೂ ಹೊಕ್ಕೈತಿ. ಹೋದದ್ದನ್ನ ತರೂದು ನಾಳಿ ಕಲಸ್ತೇನಿ.”

ಇವತ್ತು ಅವನ ಹೆಂಡತಿಗೆ ಹೆರಿಗೆ ನೋವು. ಬೆಳಿಗ್ಗೆಯೇ ಗದಗಿನ ದವಾಖಾನೆಗೆ ಹೋಗಿದ್ದ. ಆಸಿಫಾ ಫೋನ್ ಹಚ್ಚಿದಳು. ಸ್ವಿಚ್ ಆಫ್ ಆಗಿತ್ತು.

ಬೆಳಿಗ್ಗೆಯಿಂದ ಕೂತು ಯಾವಗಲ್‌ನ ನೂರ ನಲವತ್ತಮೂರು ಹೆಸರು ಬರೆದಿದ್ದಳು. ಒಮ್ಮೆಯೂ ಸೇವ್ ಮಾಡಿರಲಿಲ್ಲ. ಸೇವ್ ಮಾಡಿದರೆ ತಪ್ಪುಗಳೂ ಹಾಗೇ ಉಳಿದುಬಿಡುತ್ತವೆ ಎಂಬ ಹೆದರಿಕೆ. ಸರ್ವೇಯವರು ಕೈಯಲ್ಲಿ ಬರೆದಿದ್ದ ಕಾಗದಗಳನ್ನು ತಾಲೂಕು ಕಚೇರಿಯ ಜವಾನ ಮಧ್ಯಾಹ್ನವೇ ಒಯ್ದಿದ್ದ. ಪ್ರಿಂಟ್ ಒಯ್ಯಲು ನಾಲ್ಕು ಗಂಟೆಗೆ ಬರುತ್ತೇನೆ ಎಂದಿದ್ದ. ಈಗ ಮೂರೂ ಮುಕ್ಕಾಲು.

“ನನ್ನ ಹೆಸರು ಹೋತೇನು?” ಹೊಳಿಯಪ್ಪ ಮೆಲ್ಲಗೆ ಕೇಳಿದ.

ಆಸಿಫಾ ಕೀಲಿಮಣೆಯತ್ತ ಬಾಗಿದಳು. ಕೀಲಿಮಣೆಯ ಮೂಲೆಯಲ್ಲಿ ಹಸಿರು ದೀಪವೊಂದು ಉರಿಯುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಹೆಸರುಗಳನ್ನೆಲ್ಲ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯಲೆಂದು ಬೆಳಿಗ್ಗೆ ಒತ್ತಿದ್ದ ಗುಂಡಿಯ ದೀಪ ಅದು, ಆರಿಸಿರಲಿಲ್ಲ. ಸಣ್ಣ ‘ಜೆ’ಗೆ ಕೆಳಗಿಳಿಯುವ ಯಂತ್ರ ದೊಡ್ಡ ‘ಜೆ’ಗೆ ಸಾಲುಗಳನ್ನು ಕೂಡಿಸುತ್ತಿತ್ತು. ಅದು ಅವಳ ಹಾಳೆಯಲ್ಲಿ ಇರಲಿಲ್ಲ.

ದೀಪ ಆರಿಸಿ ‘ಯು’ ಒತ್ತಿದಳು. ಕೊನೆಗೆ ಹತ್ತಿ ಬಂದಿದ್ದ ಹೆಸರು ಕೆಳಗಿಳಿಯಿತು. ಮತ್ತೆ ಒತ್ತಿದಳು, ಇನ್ನೊಂದು ಇಳಿಯಿತು. ಪ್ರತಿ ಸಲವೂ ಬೆರಳು ಗುಂಡಿಯ ಮೇಲೆ ನಿಂತು ನಿಂತು ಒತ್ತುತ್ತಿತ್ತು. ಮೊದಲ ಸಾಲಿನಲ್ಲಿ ಒಂದೇ ಹೆಸರು ಉಳಿದಾಗ ಕೈ ತೆಗೆದಳು. ಆದರೂ ಸಮಾಧಾನವಾಗಲಿಲ್ಲ. ಗಾಬರಿಯಲ್ಲಿ ಬೇರೆ ಏನನ್ನಾದರೂ ಒತ್ತಿದ್ದೆನೋ ಏನೋ. ತಾಳೆ ನೋಡಲು ಕಾಗದವಿಲ್ಲ.

“ಕಾಕಾ, ಮೊದಲಿನ ಓಣಿ ನಿಮ್ಮದ ಐತಿ. ಬಿದ್ದ ಮನಿ ಸಾಲಾಗಿ ಹೇಳ್ತೀರೇನ್ರಿ? ನಾ ಇಲ್ಲಿ ನೋಡ್ತೇನಿ.”

ಹೊಳಿಯಪ್ಪ ಕಣ್ಣು ಮುಚ್ಚಿದ. ಓಣಿಯಲ್ಲಿ ನಡೆಯುತ್ತಿರುವವನಂತೆ ಅವನ ತಲೆ ಅತ್ತಿತ್ತ ತಿರುಗಿತು.

“ಮೂಲಿಗೆ ಗಾಳೆವ್ವಂದು.”

“ಐತ್ರಿ.”

“ಮದರಸಾಬಂದು. ಆಮ್ಯಾಲ ನಂದು.”

“ಎರಡೂ ಅದಾವ್ರಿ.”

ಅವನು ದೊಡ್ಡದಾಗಿ ಉಸಿರು ಬಿಟ್ಟ. ಬಂದ ಕೆಲಸ ಆಗಿತ್ತು. ಆದರೂ ಕಣ್ಣು ತೆರೆಯದೆ ಮುಂದುವರಿಸಿದ. “ಶಿವನಪ್ಪಂದು.”

“ಐತಿ.”

“ಸಿದ್ದಲಿಂಗವ್ವಂದು.”

ಆಸಿಫಾಳ ಬೆರಳು ಪರದೆಯ ಮೇಲೆ ನಿಂತಿತು. ಶಿವನಪ್ಪನ ಕೆಳಗೆ ದೇವವ್ವ ಇದ್ದಳು. ಪಟ್ಟಿಯ ತುದಿಯವರೆಗೂ ನೋಡಿದಳು. ಸಿದ್ದಲಿಂಗವ್ವ ಎಲ್ಲೂ ಇರಲಿಲ್ಲ. ಎಡಗೈ ತಾನಾಗಿಯೇ ‘ಯು’ ಮೇಲೆ ಹೋಗಿ ಕೂತಿತು. ಇನ್ನೊಂದು ಸಲ ಒತ್ತಿದರೆ ಆಕೆ ಬಂದರೂ ಬರಬಹುದು. ಬರದಿದ್ದರೆ ನೂರ ನಲವತ್ತಮೂರು ಮನೆಗಳೂ ಹೋಗುತ್ತವೆ. ಹೊರಗೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸಪ್ಪಳ ಕೇಳಿತು.

“ಕಾಕಾ, ಆಕಿ ಹೆಸರು ಇಲ್ರಿ,” ಎಂದಳು. “ನಾನ ಅಳಿಸಿಬಿಟ್ಟೆ ಅನಸ್ತೈತಿ.”

ಹೊಳಿಯಪ್ಪ ಕಣ್ಣು ತೆರೆದ. ತನಗೆ ಓದಲು ಬಾರದ ಆ ಸಾಲುಗಳನ್ನು ಕೆಲಹೊತ್ತು ನೋಡಿದ.

“ಇಲ್ಲ ತಂಗಿ, ನೀ ಅಳಿಸಿಲ್ಲ. ಸರ್ವೇದವರ ಆಕಿ ಹೆಸರು ಬರಕೊಂಡಿದ್ದಿಲ್ಲ. ನಾ ಓಣಿ ರೂಢಿ ಮ್ಯಾಲ ಅಂದುಬಿಟ್ಟೆ. ಕೈ ತಗಿ.”

ಆಸಿಫಾ ಕೈ ತೆಗೆದಳು. ಸೇವ್ ಮಾಡಲು ಹಾಳೆ ನೋಡಿಕೊಂಡು ಕೋಲನ್, ‘ಡಬ್ಲ್ಯೂ’, ಎಂಟರ್ ಒತ್ತಿದಳು. ನೂರ ನಲವತ್ತಮೂರು ಸಾಲು ಬರೆಯಲಾಗಿದೆ ಎಂದು ಪರದೆಯ ತಳದಲ್ಲಿ ಮೂಡಿತು. ಅವಳಿಗೆ ಅಳು ಬಂದಂತಾಯಿತು, ನಗುವೂ ಬಂದಂತಾಯಿತು. ಕುರ್ಚಿಗೆ ಒರಗಿ ಕೇಳಿದಳು:

“ಎಲ್ಲಾರೂ ಬರಸ್ಯಾರ, ಆಕಿ ಯಾಕ ಬರಸಲಿಲ್ರಿ?”

“ಬರಕೊಳ್ಳಾಕ ಬಂದವರು ಬಿದ್ದ ಮನಿ ಮುಂದ ಯಾರ್ಯಾರು ನಿಂತಿದ್ರೋ ಅವರ ಹೆಸರು ಬರಕೊಂಡು ಹೋದ್ರವಾ,” ಎಂದ ಹೊಳಿಯಪ್ಪ. “ಆಕಿ ಬಿದ್ದ ಗ್ವಾಡಿ ಕೆಳಗಿದ್ಲು.”