ಆಯುಧಪೂಜೆಯ ಕರೆ

"ಇಷ್ಟು ವರ್ಷ ಸುಮ್ಮನಿದ್ದದ್ದು ಯಾಕಪ್ಪ? ಎರಡು ವರ್ಷದೊಳಗೆ ಪರಿಹಾರ ಕೇಳ್ಬೇಕು ಅಂತ ಗೊತ್ತಿರಲಿಲ್ವಾ?" ಎಂದು ನ್ಯಾಯಾಧೀಶರು ಕೇಳಿದರು. ಅವಧಿ ಮೀರಿದೆಯೆಂದು ಕಾರ್ಮಿಕ ಕಚೇರಿಯಲ್ಲಿ ತಳ್ಳಿಹಾಕಿದ್ದ ಅರ್ಜಿ ಈಗ ಹೈಕೋರ್ಟಿಗೆ ಬಂದಿತ್ತು. ಗೊತ್ತಿರಲಿಲ್ಲ ಎಂದುಬಿಡಲಿ ಎಂದು ಸೊಣ್ಣಪ್ಪನ ವಕೀಲೆ ವನಜಾ ಮನಸ್ಸಿನಲ್ಲೇ ಬೇಡಿಕೊಂಡರು.

"ಗೊತ್ತಿತ್ತು ಸ್ವಾಮಿ," ಎಂದ ಸೊಣ್ಣಪ್ಪ. ಪೀಣ್ಯದ ಕಾರ್ಖಾನೆಯ ಪ್ರೆಸ್ ಮಿಷನ್ನು ಅವನ ಬಲಗೈಯ ಮೂರು ಬೆರಳು ತಿಂದಿತ್ತು. ಉಳಿದೆರಡು ಬೆರಳು ಬೆಂಚಿನ ಅಂಚಿನ ಮೇಲೆ ಹೂ ಕಟ್ಟುವಂತೆ ತಾವಾಗಿಯೇ ಆಡುತ್ತಿದ್ದವು. "ವರ್ಷಾ ವರ್ಷಾ ಆಯುಧಪೂಜೆಗೆ ದೊಡ್ಡ ಯಜಮಾನ್ರು ನನ್ನ ಕರೆಸೋರು. ಆ ಮಿಷನ್ನಿಗೆ ನಾನೇ ವಿಭೂತಿ ಬಳಿದು ಸೇವಂತಿಗೆ ಆರ ಆಕ್ಬೇಕು, ಬೂದುಗುಂಬಳ ನಾನೇ ಒಡೀಬೇಕು. ಆಮೇಲೆ ಎಲ್ಲಾರೂ ನೆಲದ ಮೇಲೆ ಕುಂತು ಪುರಿ, ಬೂಂದಿ ತಿಂತಿದ್ವಿ. ಆ ಪುರಿ ತಿಂದ ಬಾಯಲ್ಲಿ ಕೇಸು ಎಂಗೆ ಆಕ್ಲಿ? ಅವರು ತೀರ್ಕೊಂಡ್ಮೇಲೆ ಯಾರೂ ಕರೀಲಿಲ್ಲ. ಆಮೇಲೇ ಅರ್ಜಿ ಆಕಿದ್ದು."

ನ್ಯಾಯಾಧೀಶರು ಎದುರು ಕಡೆ ಕೂತಿದ್ದ ಯಜಮಾನರ ಮಗ ಶಿವಶಂಕರನತ್ತ ನೋಡಿದರು. "ಆ ಮಿಷನ್ನು ಈಗೆಲ್ಲಿದೆ?"

"ಹೋದ ವರ್ಷ ಗುಜರಿಗೆ ಹಾಕಿದ್ವಿ ಸಾರ್."

ಸೊಣ್ಣಪ್ಪನ ಬೆರಳುಗಳು ನಿಂತವು. ಅವನು ಶಿವಶಂಕರನ ಕಡೆ ತಿರುಗಿದ. "ಒಂದು ಮಾತು ಏಳೋದಲ್ವಾ ಶಂಕ್ರಪ್ಪ? ಬಂದು ಕುಂಕುಮ ಇಟ್ಟು ಕಳಿಸ್ತಿದ್ದೆ."

ಶಿವಶಂಕರ ತನ್ನ ವಕೀಲರ ಕರಿಕೋಟಿನ ತೋಳು ಹಿಡಿದು ಹೇಳಿದ: "ತಡ ಆಯ್ತು ಅನ್ನೋ ವಾದ ಬಿಟ್ಬಿಡಿ ಸಾರ್."