ಅತ್ತೆ ಹೊದ್ದ ಕೌದಿ

ಅತ್ತೆ ಗಂಗವ್ವನ ಮೈವಾಸನೆ ಕಳೆಯಲೆಂದು ಶಶಿಕಲಾ ವಾಸನೆ ತೆಗೆಯುವವನನ್ನು ಕರೆಸಿದಳು. ಓಣಿಯಲ್ಲಿ ಎಲ್ಲರೂ ಮಾಡಿಸುತ್ತಿದ್ದರು. ಪಕ್ಕದ ಮನೆಯವಳು ಗಂಡನ ಬೀಡಿ ವಾಸನೆ ತೆಗೆಸಿದ್ದಳು. ಯಂತ್ರದೊಳಗೆ ಬಟ್ಟೆಯೊಂದನ್ನು ಇಟ್ಟರೆ ಸಾಕು, ಅದರಲ್ಲಿದ್ದ ವಾಸನೆ ಮನೆಯಿಂದಲೂ ಮನೆಯವರ ಮೈಯಿಂದಲೂ ಕಾಯಮ್ಮಾಗಿ ಹೋಗುತ್ತಿತ್ತು.

ಶಶಿಕಲಾ ಅತ್ತೆ ಹೊದ್ದಿದ್ದ ಕೌದಿಯನ್ನೇ ಎಳೆದು ಕೊಟ್ಟಳು.

“ಅದು ಬ್ಯಾಡವಾ, ಅದರಾಗ...” ಎಂದಳು ಗಂಗವ್ವ.

“ನೀವು ಸುಮ್ಮನ ಕೂಡ್ರಿ. ನಾತ ತಡಕೊಳ್ಳಾಕ ಆಗವಲ್ದು.”

ಯಂತ್ರ ಗುಂಯ್‌ಗುಟ್ಟಿ ನಿಂತಿತು. ಶಶಿಕಲಾ ಖುಷಿಯಿಂದ ತೊಟ್ಟಿಲಿನ ಕೂಸನ್ನೆತ್ತಿ ಎದೆಗೆ ಹಚ್ಚಿಕೊಂಡಳು. ಕೂಸು ಮೂಸಿ ನೋಡಿತು. ಯಾರೋ ಗುರುತಿಲ್ಲದವರ ಕೈಗೆ ಸಿಕ್ಕಂತೆ ಚೀರಿ ಮುಖ ತಿರುಗಿಸಿತು.

“ಕೌದಿಯೊಳಗ ನಿನ್ನ ಬಾಣಂತನದ ಸೀರಿ ಹಚ್ಚಿ ಹೊಲಿದಿದ್ದೆ,” ಎಂದಳು ಗಂಗವ್ವ.

“ತೆಗೆದದ್ದು ತಿರುಗಿ ಬರೂದಿಲ್ರೀ,” ಎಂದು ವಾಸನೆ ತೆಗೆಯುವವನು ಯಂತ್ರ ಹೊತ್ತುಕೊಂಡು ಹೊರಟ.

ಶಶಿಕಲಾ ಅತ್ತೆಯತ್ತ ತಿರುಗಿ ಕಿರುಚಿದಳು: “ಮೊದಲಽ ಹೇಳಬಾರದಿತ್ತೇನ್ರಿ?”

“ಸುಮ್ಮನ ಕೂಡ್ರಿ ಅಂದಿ,” ಎಂದಳು ಗಂಗವ್ವ. “ಕೂತೆ.”